ಎಕ್ಕದ ಗಿಡದ ಬಗ್ಗೆ ಪೋಷಕರಿಗೆ ಪತ್ರ

ಪ್ರೀತಿಯ ಪೋಷಕರೇ, ನಮಸ್ಕಾರ.

ಶಾಲೆಯ ಕಾಂಪೌಂಡಿನ ಆಚೆ, ಕಡಲ ಕಡೆಯ ಮರಳಿನಲ್ಲಿ ಬೆಳೆದಿರುವ ಎಕ್ಕದ ಗಿಡಗಳನ್ನು ಕಡಿಸಿಬಿಡಿ ಅಂತ ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಹೋದ ವಾರ ನಾಲ್ಕನೇ ತರಗತಿಯ ಹುಡುಗನೊಬ್ಬನ ಕಣ್ಣಿಗೆ ಅದರ ಹಾಲು ಹಾರಿದ ಮೇಲೆ ಈ ಮಾತು ಜಾಸ್ತಿಯಾಗಿದೆ. ಹುಡುಗ ಈಗ ಹುಷಾರಾಗಿದ್ದಾನೆ. ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆದರೂ ಗಿಡ ಕಡಿಸುವುದು ಬೇಡ ಎಂದು ನಾವು ಶಿಕ್ಷಕರೆಲ್ಲ ಸೇರಿ ತೀರ್ಮಾನಿಸಿದ್ದೇವೆ. ಕಾರವಾರದಲ್ಲಿ ಎಕ್ಕ ಎಲ್ಲಿಲ್ಲ ಹೇಳಿ? ರಸ್ತೆ ಬದಿಯಲ್ಲಿದೆ, ದೇವಸ್ಥಾನದ ಹಿಂದಿದೆ. ಇಲ್ಲಿ ಕಡಿದರೆ ಮಕ್ಕಳಿಗೆ ಇನ್ನೊಂದು ಕಡೆ ಸಿಗುತ್ತದೆ, ಅಲ್ಲಿ ಹೇಳಿಕೊಡುವವರು ಇರುವುದಿಲ್ಲ.

ಕಣ್ಣಿನ ವಿಷಯ ಎಲ್ಲಕ್ಕಿಂತ ಮುಖ್ಯ. ಮಕ್ಕಳು ಎಕ್ಕದ ಮೊಗ್ಗನ್ನು ಬೆರಳಲ್ಲಿ ಒತ್ತಿ ಟಪ್ ಅನ್ನಿಸಿ ಆಡುತ್ತಾರೆ. ಎಲೆ ಮುರಿದರೂ ಸಾಕು, ಬಿಳಿ ಹಾಲು ಸುರಿಯುತ್ತದೆ. ಅದೇ ಕೈಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತಾರೆ. ಮೋಸ ಆಗುವುದು ಇಲ್ಲೇ. ಹಾಲು ಬಿದ್ದ ಕಣ್ಣು ಎಷ್ಟೋ ಸಲ ಅಷ್ಟೇನೂ ನೋಯುವುದಿಲ್ಲ. ಕಣ್ಣಿನ ಮುಂಭಾಗದ ಪಾರದರ್ಶಕ ಪದರ ಒಳಗೊಳಗೇ ಊದಿಕೊಂಡು, ಕೆಲವು ಗಂಟೆ ಕಳೆದ ಮೇಲೆ ನೋಟ ಮಂಜಾಗುತ್ತದೆ. ನೋವಿಲ್ಲವಲ್ಲ ಅಂತ ಮಗು ಸುಮ್ನೆ ಇದ್ದುಬಿಡುತ್ತದೆ. ನೀವು ಸುಮ್ಮನಿರಬೇಡಿ. ಕೂಡಲೇ 15–20 ನಿಮಿಷ ಶುದ್ಧ ನೀರು ಬಿಟ್ಟು ಕಣ್ಣು ತೊಳೆಯಿರಿ. ಎಣ್ಣೆ, ಎದೆಹಾಲು, ಮನೆಯಲ್ಲಿ ಉಳಿದ ಹಳೇ ಡ್ರಾಪ್ಸ್ ಯಾವುದನ್ನೂ ಹಾಕಬೇಡಿ. ಅವತ್ತೇ ಕಣ್ಣಿನ ಡಾಕ್ಟರಿಗೆ ತೋರಿಸಿ, ಬಿದ್ದದ್ದು ಎಕ್ಕದ ಹಾಲು ಅಂತ ಹೇಳಿ. ಬಾಯಿಗೆ ಹೋಗಿದ್ದರೆ ವಾಂತಿ ಮಾಡಿಸಲು ಹೋಗಬೇಡಿ, 108ಕ್ಕೆ ಫೋನ್ ಮಾಡಿ. ಹೃದಯದ ಬಡಿತವನ್ನೇ ಕೆಡಿಸುವ ವಿಷ ಅದರಲ್ಲಿದೆ.

ಹಾಗಂತ ಎಕ್ಕವನ್ನು ಬರೀ ವಿಷ ಅನ್ನಲು ನನಗೆ ಮನಸ್ಸಿಲ್ಲ. ಮುಳ್ಳು ಮುರಿದು ಒಳಗೇ ಉಳಿದರೆ ನಮ್ಮ ಅಜ್ಜಿಯರು ಹಚ್ಚುತ್ತಿದ್ದದ್ದು ಇದೇ ಹಾಲು. ಮಂಡಿ ನೋವಿಗೆ ಎಲೆಗೆ ಎಣ್ಣೆ ಸವರಿ, ಬಿಸಿ ಮಾಡಿ ಕಟ್ಟುವವರು ಈಗಲೂ ಇದ್ದಾರೆ. ಆಯುರ್ವೇದ ಇದನ್ನು ಉಪವಿಷಗಳ ಸಾಲಿಗೆ ಸೇರಿಸಿದೆ, ಶುದ್ಧಿ ಮಾಡಿ ಔಷಧಿಗೂ ಬಳಸುತ್ತದೆ. ಆ ಶುದ್ಧಿ, ಆ ಅಳತೆ ಕಲಿತ ವೈದ್ಯರ ಕೆಲಸ. ಮೊಬೈಲಿನಲ್ಲಿ ವಿಡಿಯೋ ನೋಡಿ ಮಕ್ಕಳ ಮೇಲೆ ಪ್ರಯೋಗ ಮಾಡುವುದು ಖಂಡಿತ ಬೇಡ.

ಈಗ ಐದನೇ ತರಗತಿಯ ಮಕ್ಕಳು ದೂರ ನಿಂತು ಆ ಗಿಡಗಳನ್ನು ನೋಡುತ್ತಿದ್ದಾರೆ. ಎಲೆಯ ಅಡಿಯಲ್ಲಿ ಕಪ್ಪು, ಹಳದಿ, ಬಿಳಿ ಪಟ್ಟೆಯ ಹುಳು ಇದೆ, ಬೆನ್ನ ಮೇಲೆ ಮೂರು ಜೊತೆ ಕರೀ ಕೊಂಬು. ಪ್ಲೇನ್ ಟೈಗರ್ ಚಿಟ್ಟೆಯ ಮರಿ ಅದು. ಎಕ್ಕದ ವಿಷವನ್ನು ತಿಂದು ಮೈಯಲ್ಲೇ ಇಟ್ಟುಕೊಳ್ಳುತ್ತದೆ, ಹಾಗಾಗಿ ಹೆಚ್ಚಿನ ಹಕ್ಕಿಗಳು ಅದರ ಗೋಜಿಗೆ ಹೋಗುವುದಿಲ್ಲ. ಇದನ್ನು ಕಂಡ ಮಕ್ಕಳು ಕೇಳಿದ ಪ್ರಶ್ನೆಗಳು ಒಂದೆರಡಲ್ಲ!

ರಥಸಪ್ತಮಿ ಹತ್ತಿರ ಬರುತ್ತಿದೆ. ತಲೆ, ಭುಜದ ಮೇಲೆ ಎಕ್ಕದೆಲೆ ಇಟ್ಟು ಸ್ನಾನ ಮಾಡಿಸುವ ಪದ್ಧತಿ ನಿಮ್ಮಲ್ಲಿದ್ದರೆ ಎಲೆಗಳನ್ನು ದೊಡ್ಡವರೇ ಕೊಯ್ಯಿರಿ. ಹಿಂದಿನ ಸಂಜೆಯೇ ಕೊಯ್ದು, ತೊಟ್ಟಿನ ಹಾಲು ಪೂರ್ತಿ ತೊಳೆದಿಡಿ. ನೀರು ಹೊಯ್ಯುವಾಗ ಮಕ್ಕಳು ಕಣ್ಣು ಮುಚ್ಚಿಕೊಂಡಿರಲಿ. ಶನಿವಾರ ಶಾಲೆ ಬಿಟ್ಟ ಮೇಲೆ ನಾನು ಗಿಡಗಳ ಹತ್ತಿರವೇ ಇರುತ್ತೇನೆ. ಇನ್ನೂ ಅನುಮಾನ ಇರುವವರು ಬನ್ನಿ, ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನೂ ಕರೆತನ್ನಿ.

ಇಂತಿ,
ಮುಖ್ಯ ಶಿಕ್ಷಕಿ