ಭಾನುವಾರದ ಮಾತುಕತೆ: ಸಹಾರಾ ಮರುಭೂಮಿಯ ಹುಲ್ಲೆ ಅಡಾಕ್ಸ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 6ಕ್ಕೆ ಆನ್‌ಲೈನ್‌ನಲ್ಲಿ ಸೇರೋಣ, ಮಕ್ಕಳನ್ನೂ ಕೂರಿಸಿಕೊಳ್ಳಿ.

ಬೇಸಿಗೆಯಲ್ಲಿ ಬಿಳಿಯಾಗಿ ಚಳಿಗಾಲದಲ್ಲಿ ಬೂದುಗಂದು ಬಣ್ಣಕ್ಕೆ ತಿರುಗುವ ಅಡಾಕ್ಸ್‌ಗೆ ಗಂಡು ಹೆಣ್ಣು ಎರಡಕ್ಕೂ ತಿರುಚಿದ ಕೊಂಬು, ಮರಳಲ್ಲಿ ಹೂತುಹೋಗದ ಅಗಲ ಗೊರಸು, ಬೇಕಾದ ನೀರೂ ಬಹುಪಾಲು ತಿನ್ನುವ ಹುಲ್ಲು ಗಿಡದಿಂದಲೇ ಸಿಗುತ್ತದೆ. ಎಂಥ ಜೀವ ಅಲ್ವಾ! ಆದರೂ ಬೇಟೆ ಮತ್ತು ತೈಲ ತೆಗೆಯುವ ಕೆಲಸದಿಂದ ನಲುಗಿದೆ. 2016ರ ಸಮೀಕ್ಷೆಯಲ್ಲಿ ನೈಜರ್ ದೇಶದಲ್ಲಿ ಕಣ್ಣಿಗೆ ಬಿದ್ದದ್ದು ಬರೀ 3. ನನಗಂತೂ ತುಂಬಾ ಸಂಕಟವಾಯಿತು. ಸಾಕಿ ಬೆಳೆಸಿದ ಅಡಾಕ್ಸ್‌ಗಳನ್ನು ಚಾಡ್ ದೇಶದ ಮರುಭೂಮಿಗೆ ಮತ್ತೆ ಬಿಟ್ಟಿದ್ದಾರೆ, ಅದರ ಬಗ್ಗೆ ಜಾಸ್ತಿ ಮಾತಾಡೋಣ.

ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಪ್ರಶ್ನೆಗಳಿದ್ದರೆ ಮೊದಲೇ ಕಳಿಸಿ. ಲಿಂಕ್ ಶನಿವಾರ ಹಾಕುತ್ತೇನೆ.