ನಮ್ಮ ಶಾಲೆಗೆ ಇನ್ನೊಬ್ಬರು ಮೇಷ್ಟ್ರನ್ನು ಕೊಡಿ: ಶಾಸಕರಿಗೊಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಮ್ಮೂರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಇನ್ನೊಬ್ಬರು ಖಾಯಂ ಶಿಕ್ಷಕರು ಬೇಕು. ಈ ಪತ್ರ ಬರೆಯುತ್ತಿರುವುದು ಅದಕ್ಕೇ. ಇದೇ ಮಾತನ್ನು ಎಸ್‌ಡಿಎಂಸಿಯಿಂದ, ಅಂದರೆ ಶಾಲಾಭಿವೃದ್ಧಿ ಸಮಿತಿಯಿಂದ, ಬರೆದು ಕೊಟ್ಟಿದ್ದೇವೆ. ಜನಸ್ಪಂದನ ಸಭೆಯಲ್ಲಿ ಎದ್ದು ನಿಂತು ಹೇಳಿದ್ದೇವೆ. ನಿಮ್ಮ ಆಪ್ತ ಸಹಾಯಕರ ಕೈಗೂ ಮನವಿ ಕೊಟ್ಟಿದ್ದೇವೆ. ಎಲ್ಲ ಕಡೆಯೂ "ನೋಡೋಣ" ಅಂದರು. ಯಾರೂ ನೋಡಲಿಲ್ಲ. ಹಾಗಾಗಿ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ.

ಊರಿನ ಹೆಸರು ಹಾಕಿಲ್ಲ. ಹಾಕಿದರೆ ಮೊದಲ ಫೋನು ನಮ್ಮ ಮೇಷ್ಟ್ರಿಗೇ ಹೋಗುತ್ತದೆ, ನೀವೇ ಬರೆಸಿದ್ದಾ ಅಂತ. ಅವರು ಬರೆಸಿದ್ದಲ್ಲ. ಅವರಿಗೆ ಗೊತ್ತೂ ಇಲ್ಲ. ನಿಮಗೆ ಯಾವ ಶಾಲೆ ಅಂತ ತಿಳಿಯುತ್ತದೆ. ಹೊಸ ಕೊಠಡಿಯ ಉದ್ಘಾಟನೆಗೆ ನೀವೇ ಬಂದಿದ್ದಿರಿ. ಮಕ್ಕಳು ಸ್ವಾಗತ ಗೀತೆ ಹಾಡಿದ್ದರು. ಕೊಠಡಿ ಕೊಟ್ಟಿದ್ದಕ್ಕೆ ಊರಿನವರಿಗೆ ನಿಜವಾಗಿಯೂ ಸಂತೋಷ ಇದೆ. ಆದರೆ ಆ ಕೊಠಡಿಗೆ ಹೋಗಿ ಪಾಠ ಮಾಡಲು ಜನ ಇಲ್ಲ ಸ್ವಾಮಿ. ಹಳೆ ಕೊಠಡಿಯಲ್ಲೇ ಐದೂ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂರುತ್ತಾರೆ. ಹೊಸ ಕೊಠಡಿಯಲ್ಲಿ ಹಾಲಿನ ಪುಡಿಯ ಚೀಲ ಮತ್ತು ಅಕ್ಕಿ ಮೂಟೆ ಇಟ್ಟಿದ್ದಾರೆ.

ನಮ್ಮ ಶಾಲೆಯಲ್ಲಿ ಈಗ 19 ಮಕ್ಕಳು. ಮೇಷ್ಟ್ರು ಒಬ್ಬರೇ. ಅವರೇ ಮುಖ್ಯ ಶಿಕ್ಷಕರು, ಅವರೇ ಗುಮಾಸ್ತರು, ಅವರೇ ಬೀಗ ತೆಗೆಯುವವರು. ಮೊದಲು ಇನ್ನೊಬ್ಬರು ಮೇಡಂ ಇದ್ದರು. ವರ್ಗಾವಣೆಯ ಕೌನ್ಸೆಲಿಂಗ್‌ನಲ್ಲಿ ಅವರಿಗೆ ತಮ್ಮ ಊರಿನ ಹತ್ತಿರ ಜಾಗ ಸಿಕ್ಕಿತು, ಹೋದರು. ಅವರನ್ನು ನಾವು ದೂರುವುದಿಲ್ಲ. ಮಲೆನಾಡಿನ ಈ ಮೂಲೆಯಲ್ಲಿ, ಮಗು ಕಟ್ಟಿಕೊಂಡು, ಬಸ್ಸಿಲ್ಲದ ದಾರಿಯಲ್ಲಿ ಅವರು ಅಷ್ಟು ವರ್ಷ ದುಡಿದದ್ದೇ ದೊಡ್ಡದು. ಆದರೆ ಅವರ ಜಾಗಕ್ಕೆ ಯಾರೂ ಬರಲಿಲ್ಲ. ಆ ಜಾಗ ಖಾಲಿ ಬಿದ್ದೇ ಇದೆ.

ಶಿಕ್ಷಣ ಹಕ್ಕು ಕಾಯ್ದೆ ನಿಮಗೆ ಗೊತ್ತಿಲ್ಲದ್ದೇನಲ್ಲ. 2009ರಲ್ಲಿ ಪಾಸಾಗಿ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಒಂದರಿಂದ ಐದನೇ ಕ್ಲಾಸಿನವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು ಎಂದು ಅದರ ಅನುಸೂಚಿಯಲ್ಲೇ ಇದೆ. 19 ಮಕ್ಕಳಿದ್ದರೂ ಇಬ್ಬರು ಬೇಕು ಎಂದೇ ಅದರ ಅರ್ಥ, ಅಲ್ವಾ? ನಾವು ಕೇಳುತ್ತಿರುವುದು ಆ ಇನ್ನೊಬ್ಬರನ್ನು ಮಾತ್ರ.

ಮೇಷ್ಟ್ರ ಒಂದು ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ. ನಾನು ಎಸ್‌ಡಿಎಂಸಿ ಸದಸ್ಯೆ, ಮನೆಯೂ ಶಾಲೆಯ ಹಿಂದೆಯೇ. ದಿನಾ ಕಣ್ಣಾರೆ ನೋಡುತ್ತೇನೆ. ಬೆಳಿಗ್ಗೆ ಬಂದು ಬೀಗ ತೆಗೆದು ಪ್ರಾರ್ಥನೆ ಮಾಡಿಸುತ್ತಾರೆ. ಮಕ್ಕಳಿಗೆ ಹಾಲು ಕೊಟ್ಟಾಯಿತಾ ನೋಡುತ್ತಾರೆ. ಹಾಜರಾತಿ ಹಾಕಿ, ಊಟಕ್ಕೆ ಎಷ್ಟು ಮಕ್ಕಳು ಎಂದು ಮೊಬೈಲಿನಲ್ಲಿ ಕಳಿಸಬೇಕು. ಶಾಲೆಯಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಗುಡ್ಡದ ಮೇಲಿನ ಗೇರುಮರದ ಹತ್ತಿರ ಹೋಗಿ ನಿಲ್ಲಬೇಕು. ಮೊಟ್ಟೆ ತರಿಸಿದ ಲೆಕ್ಕ, ಬಾಳೆಹಣ್ಣಿನ ಲೆಕ್ಕ, ಶೂ ಸಾಕ್ಸಿನ ಲೆಕ್ಕ, ಸಮವಸ್ತ್ರದ ಲೆಕ್ಕ, ಇಲಾಖೆಯ ಆನ್‌ಲೈನ್ ದಾಖಲೆಯಾದ ಸ್ಯಾಟ್ಸ್‌ನಲ್ಲಿ ಮಕ್ಕಳ ವಿವರ. ಇಷ್ಟೆಲ್ಲ ಮುಗಿಸಿ ಬರುವಷ್ಟರಲ್ಲಿ ಮಕ್ಕಳು ಜಗಳ ಆಡಿ, ಅತ್ತು, ಮತ್ತೆ ಸುಮ್ಮನಾಗಿರುತ್ತಾರೆ.

ಒಂದರಿಂದ ಮೂರನೇ ಕ್ಲಾಸಿಗೆ ನಲಿ-ಕಲಿ ಇದೆ. ಮೂರೂ ಕ್ಲಾಸಿನ ಮಕ್ಕಳು ಒಟ್ಟಿಗೆ ಕೂತು, ಗುಂಪು ಮಾಡಿಕೊಂಡು, ಕಾರ್ಡು ಹಿಡಿದು ಕಲಿಯುವ ಕ್ರಮ. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ನಮ್ಮ ಸರ್ಕಾರಿ ಮೇಷ್ಟ್ರುಗಳೇ ಶುರು ಮಾಡಿದ್ದು ಇದನ್ನು. ಕ್ರಮ ಚೆನ್ನಾಗಿದೆ, ಅದರ ಬಗ್ಗೆ ನನ್ನ ತಕರಾರಿಲ್ಲ. ನನ್ನ ದೊಡ್ಡ ಮಗಳು ಮೇಡಂ ಇದ್ದ ಕಾಲದಲ್ಲಿ ಅದರಲ್ಲೇ ಕಲಿತಳು, ಎರಡನೇ ಕ್ಲಾಸಿಗೇ ಪೇಪರ್ ಓದುತ್ತಿದ್ದಳು. ಆದರೆ ನಲಿ-ಕಲಿ ನಡೆಯಬೇಕಾದರೆ ಮೇಷ್ಟ್ರು ನೆಲದ ಮೇಲೆ ಮಕ್ಕಳ ನಡುವೆ ಕೂರಬೇಕು. ಒಂದು ಗುಂಪಿನಿಂದ ಇನ್ನೊಂದು ಗುಂಪಿಗೆ ಹೋಗುತ್ತಿರಬೇಕು. ಅದೇ ಹೊತ್ತಿಗೆ ನಾಲ್ಕು, ಐದನೇ ಕ್ಲಾಸಿನವರಿಗೆ ಗಣಿತ, ಪರಿಸರ ಅಧ್ಯಯನ ಯಾರು ಹೇಳಿಕೊಡಬೇಕು? ನನ್ನ ಮಗ ಈಗ ನಾಲ್ಕನೇ ಕ್ಲಾಸು. ಭಾಗಾಕಾರ ಬರುವುದಿಲ್ಲ. ಶಾಲೆಯಲ್ಲಿ ಇವತ್ತು ಏನು ಮಾಡಿದೆ ಅಂದರೆ "ಒಂದನೇ ಕ್ಲಾಸಿನವರಿಗೆ ಅಕ್ಷರ ಬರೆಸಿದೆ" ಅನ್ನುತ್ತಾನೆ. ಒಂಬತ್ತು ವರ್ಷದ ಹುಡುಗನನ್ನು ಮೇಷ್ಟ್ರು ಮಾಡಿದ್ದೇವೆ ನಾವು.

ಮೇಷ್ಟ್ರು ಶಾಲೆಯಲ್ಲಿದ್ದ ದಿನದ ಕತೆ ಇದು. ಇಲ್ಲದ ದಿನಗಳೂ ಬೇಕಾದಷ್ಟಿವೆ. ಅವರು ಬಿಎಲ್‌ಒ, ಅಂದರೆ ಮತಗಟ್ಟೆ ಮಟ್ಟದ ಅಧಿಕಾರಿ ಕೂಡ. ಮತದಾರರ ಪಟ್ಟಿ, ಮನೆ ಮನೆ ಭೇಟಿ, ತಾಲ್ಲೂಕು ಕಚೇರಿಯ ಸಭೆ. ಅದು ಬಿಟ್ಟರೆ ತರಬೇತಿ. 2025ರ ಸೆಪ್ಟೆಂಬರ್ 22ಕ್ಕೆ ಸಾಮಾಜಿಕ ಶೈಕ್ಷಣಿಕ ಸಮೀಕ್ಷೆ ಶುರುವಾಯಿತಲ್ಲ, ಆಗ ಮೇಷ್ಟ್ರು ಗುಡ್ಡ ಹತ್ತಿ ಇಳಿದು ಒಂಟಿ ಮನೆಗಳನ್ನು ಹುಡುಕಿಕೊಂಡು ಹೋದರು. ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಅದರ ಬೆನ್ನಿಗೇ ದೀಪಾವಳಿ. ಪಟ್ಟಣದ ದೊಡ್ಡ ಶಾಲೆಯವರು ಆಮೇಲೆ ಹೆಚ್ಚುವರಿ ಕ್ಲಾಸು ಮಾಡಿ ಸರಿತೂಗಿಸಬಹುದು. ನಮ್ಮಲ್ಲಿ ಇರುವ ಒಬ್ಬರೇ ಮೇಷ್ಟ್ರು ಯಾವ ಹೊತ್ತಿನಲ್ಲಿ ಸರಿತೂಗಿಸಬೇಕು? ಜನಗಣತಿ, ಚುನಾವಣೆ, ವಿಪತ್ತು ಪರಿಹಾರದ ಕೆಲಸಕ್ಕೆ ಶಿಕ್ಷಕರನ್ನು ಕರೆಯಬಹುದು ಎಂದು ಕಾಯ್ದೆಯ 27ನೇ ಕಲಮಿನಲ್ಲಿದೆ, ಒಪ್ಪಿದೆ. ಅದೇ ಕಾಯ್ದೆ ಇಬ್ಬರನ್ನು ಕೊಡಿ ಎಂದೂ ಹೇಳುತ್ತದೆ. ಕರೆಯುವ ಕಲಮು ಮಾತ್ರ ಎಲ್ಲರಿಗೂ ನೆನಪಿರುತ್ತದೆ.

ಈಗ ಆ ದಿನದ ವಿಷಯ. ಇದನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ.

ಕಳೆದ ಮಳೆಗಾಲ. ಪುಷ್ಯ ಮಳೆ ಬಿಡದೆ ಹೊಡೆಯುತ್ತಿತ್ತು. ಮೇಷ್ಟ್ರಿಗೆ ತಾಲ್ಲೂಕು ಕಚೇರಿಯಲ್ಲಿ ಸಭೆ, ಬರಲೇಬೇಕು ಎಂದು ಹಿಂದಿನ ರಾತ್ರಿ ವಾಟ್ಸಾಪ್ ಸಂದೇಶ. ಬದಲಿಗೆ ಒಬ್ಬರನ್ನು ಕಳಿಸಿ ಎಂದು ಅವರು ಕೇಳಿಕೊಂಡರು. ಪಕ್ಕದ ಶಾಲೆಯಲ್ಲೂ ಒಬ್ಬರೇ. ಅತಿಥಿ ಶಿಕ್ಷಕರ ನೇಮಕ ನಮ್ಮ ಶಾಲೆಗೆ ಅಷ್ಟು ಹೊತ್ತಿಗೂ ಆಗಿರಲಿಲ್ಲ. "ಹೊಂದಿಸಿಕೊಳ್ಳಿ" ಎಂಬ ಉತ್ತರ ಬಂತು. ಹೊಂದಿಸಿಕೊಳ್ಳುವುದು ಅಂದರೆ ಅಡುಗೆ ಅಕ್ಕನ ಕೈಗೆ ಮಕ್ಕಳನ್ನು ಕೊಟ್ಟು ಹೋಗುವುದು. ಬೇರೆ ದಾರಿ ಏನಿತ್ತು ಅವರಿಗೆ?

ಅಡುಗೆ ಅಕ್ಕ ಒಲೆ ಮೇಲೆ ಸಾರು ಇಟ್ಟಿದ್ದರು. ಒಂದನೇ ಕ್ಲಾಸಿನ ಒಂದು ಪುಟ್ಟ ಹುಡುಗಿಗೆ ಮೈ ಬಿಸಿಯಾಗಿತ್ತಂತೆ. ಅಮ್ಮ ಬೇಕು ಅಂತ ಅಳುತ್ತಿದ್ದಳಂತೆ. ದೊಡ್ಡ ಮಕ್ಕಳು ಸಮಾಧಾನ ಮಾಡಿದ್ದಾರೆ. ಆಮೇಲೆ ಯಾರೂ ನೋಡದಾಗ ಅವಳು ಕೊಡೆ ಕೂಡ ಇಲ್ಲದೆ ಮನೆ ಕಡೆ ಹೊರಟುಬಿಟ್ಟಳು. ಅವಳ ಮನೆಗೆ ಹೋಗಬೇಕಾದರೆ ಹಳ್ಳ ದಾಟಬೇಕು. ಹಳ್ಳಕ್ಕೆ ಇರುವುದು ಅಡಿಕೆ ಮರದ ಕಾಲುಸಂಕ, ನಡೆದು ದಾಟುವ ಕಿರು ಸೇತುವೆ. ಪುಷ್ಯ ಮಳೆಯಲ್ಲಿ ಆ ಹಳ್ಳ ಹೇಗಿರುತ್ತದೆ ಎಂದು ಮಲೆನಾಡಿನವರಾದ ನಿಮಗೆ ನಾನು ಹೇಳಬೇಕಾಗಿಲ್ಲ.

ನನ್ನ ಮಗ ಒದ್ದೆಯಾಗಿ ಓಡಿ ಬಂದು ತೋಟದಲ್ಲಿದ್ದ ನನ್ನನ್ನು ಕೂಗಿದ. ಕತ್ತಿ ಅಲ್ಲೇ ಬಿಸಾಕಿ ಓಡಿದೆ. ಅಡುಗೆ ಅಕ್ಕ ಇನ್ನೊಂದು ಕಡೆಯಿಂದ ಹುಡುಕುತ್ತಾ ಬಂದರು. ಹೆಸರು ಕೂಗಿದರೆ ಮಳೆ ಸದ್ದಿಗೆ ನಮ್ಮ ದನಿ ನಮಗೇ ಕೇಳುತ್ತಿರಲಿಲ್ಲ. ಆ ಮಗು ಸಂಕದ ಮೇಲೆ ನಾಲ್ಕು ಹೆಜ್ಜೆ ಇಟ್ಟು, ಮುಂದೆ ಹೋಗಲು ಹೆದರಿ, ಹಿಂದೆ ಬರಲೂ ಆಗದೆ, ಕೈಹಿಡಿಯ ಬಿದಿರನ್ನು ಅಪ್ಪಿಕೊಂಡು ಕೂತಿತ್ತು. ಹೇಗೆ ಹೋಗಿ ಎತ್ತಿಕೊಂಡೆ ಎಂದು ನನಗೆ ಈಗಲೂ ಗೊತ್ತಿಲ್ಲ. ಎದೆಗೆ ಅವಚಿಕೊಂಡಾಗ ಜ್ವರದಲ್ಲಿ ಮೈ ಕೆಂಡದ ಹಾಗೆ ಸುಡುತ್ತಿತ್ತು. ಅವಳ ಅಮ್ಮ ಬೇರೆಯವರ ಗದ್ದೆಗೆ ನೆಟ್ಟಿ ಕೆಲಸಕ್ಕೆ ಹೋಗಿದ್ದಳು. ಅವಳಿಗೆ ಸುದ್ದಿ ಮುಟ್ಟಿದ್ದು ಮಧ್ಯಾಹ್ನದ ಮೇಲೆ.

2022ರ ಮಳೆಗಾಲದಲ್ಲಿ ಬೈಂದೂರು ತಾಲ್ಲೂಕಿನಲ್ಲಿ ಎರಡನೇ ಕ್ಲಾಸಿನ ಹುಡುಗಿಯೊಬ್ಬಳು ಶಾಲೆಯಿಂದ ಮನೆಗೆ ಹೋಗುವಾಗ ಕಾಲುಸಂಕದಿಂದ ಜಾರಿ ತೀರಿಹೋದಳು. ಆ ಸುದ್ದಿ ನಮ್ಮ ಕಡೆಯ ಯಾವ ತಾಯಿಯೂ ಮರೆತಿಲ್ಲ. ಅವತ್ತು ನಮ್ಮೂರಲ್ಲೂ ಅದೇ ಆಗುತ್ತಿತ್ತು. ದೇವರು ದೊಡ್ಡವನು, ಆಗಲಿಲ್ಲ.

ಆಮೇಲೆ ನಡೆದದ್ದು ಇನ್ನೂ ನೋವಿನದು. ವಿಷಯ ಮೇಲಿನವರಿಗೆ ಗೊತ್ತಾಯಿತು. ಯಾರಾದರೂ ಬಂದು ಇಲ್ಲಿ ಇನ್ನೊಬ್ಬರು ಬೇಕು ಎಂದು ವರದಿ ಬರೆಯುತ್ತಾರೆ ಅಂದುಕೊಂಡೆವು. ಬಂದದ್ದು ಮೇಷ್ಟ್ರಿಗೆ ಕಾರಣ ಕೇಳಿ ನೋಟಿಸು. ಶಾಲೆಯ ವೇಳೆಯಲ್ಲಿ ಶಾಲೆ ಬಿಟ್ಟು ಹೋಗಿದ್ದೇಕೆ ಅಂತ. ಸಭೆಗೆ ಬರಲೇಬೇಕು ಎಂದು ಕರೆದವರೂ ಸರ್ಕಾರದವರೇ, ಯಾಕೆ ಹೋದೆ ಎಂದು ಕೇಳಿದವರೂ ಸರ್ಕಾರದವರೇ. ಅಡುಗೆ ಅಕ್ಕನಿಗೂ ಬೈದರು, ಮಕ್ಕಳ ಮೇಲೆ ನಿಗಾ ಇಡಲಿಲ್ಲ ಎಂದು. ಆ ಹೆಂಗಸಿಗೆ ಸರ್ಕಾರ ಕೊಡುವುದು ಅಡುಗೆಗೆ ಒಂದಿಷ್ಟು ಗೌರವಧನ. ಶಾಲೆ ನಡೆಸುವುದಕ್ಕಲ್ಲ. ಆಕೆ ಒಲೆ ಆರಿಸಿ, ಮಳೆಯಲ್ಲಿ ಹುಡುಕಿ, ವಾಪಸ್ ಬಂದು ಉಳಿದ ಮಕ್ಕಳಿಗೆ ಬಿಸಿ ಊಟ ಬಡಿಸಿದ್ದಾರೆ. ಆಕೆಯ ಕಣ್ಣಲ್ಲಿ ನೀರು ಬರಿಸಿದರಲ್ಲ, ಅದು ನನಗೆ ಸಹಿಸಲು ಆಗುವುದಿಲ್ಲ.

ಶಾಸಕರೇ, ಆ ದಿನ ಇನ್ನೊಬ್ಬರು ಶಿಕ್ಷಕರು ಇದ್ದಿದ್ದರೆ ಆ ಮಗು ಹೊರಗೆ ಕಾಲಿಡುತ್ತಲೇ ಇರಲಿಲ್ಲ. ಇನ್ನೊಬ್ಬರನ್ನು ಕೊಡಿ.

ಅತಿಥಿ ಶಿಕ್ಷಕರನ್ನು ಕೊಟ್ಟಿದ್ದೇವಲ್ಲ ಎಂದು ನಿಮ್ಮ ಕಚೇರಿಯಲ್ಲಿ ಹೇಳಿದರು. ಹೌದು, ಮಳೆ ಕಮ್ಮಿಯಾದ ಮೇಲೆ ಒಬ್ಬ ಹುಡುಗಿ ಬಂದಳು. ಒಳ್ಳೆಯ ಹುಡುಗಿ, ಮಕ್ಕಳಿಗೆ ತುಂಬಾ ಹಿಡಿಸಿದ್ದಳು. ಗೌರವಧನ ತಿಂಗಳುಗಟ್ಟಲೆ ಬರಲಿಲ್ಲ. ದಿನಾ ಆಟೋಗೆ ಕೈಯಿಂದ ಕೊಟ್ಟು ಎಷ್ಟು ದಿನ ಬಂದಾಳು? ಬಿಟ್ಟಳು. ಬಂದಿದ್ದರೂ ವರ್ಷದ ಕೊನೆಗೆ ಮನೆಗೆ ಕಳಿಸುತ್ತೀರಿ, ಮುಂದಿನ ವರ್ಷ ಮತ್ತೆ ಮೊದಲಿನಿಂದ. ನಮಗೆ ಖಾಯಂ ಶಿಕ್ಷಕರು ಬೇಕು.

ಇನ್ನೊಂದು ಮಾತು ಓಡಾಡುತ್ತಿದೆ. ಮಕ್ಕಳು ಕಡಿಮೆ, ದೂರದ ದೊಡ್ಡ ಶಾಲೆಗೆ ಸೇರಿಸಿಬಿಡೋಣ, ವಾಹನ ಕೊಡೋಣ ಅಂತ. ದಯವಿಟ್ಟು ಆ ಮಾತು ಆಡಬೇಡಿ. ನಮ್ಮ ದಾರಿಗೆ ಮಳೆಗಾಲದಲ್ಲಿ ಜೀಪೇ ಬರುವುದಿಲ್ಲ. ಐದು ವರ್ಷದ ಮಗು ನಡೆದು ಹೋಗುವಷ್ಟು ದೂರದಲ್ಲಿ ಶಾಲೆ ಇರಲಿ ಎಂದೇ ನಮ್ಮ ಹಿರಿಯರು ಜಾಗ ಬಿಟ್ಟುಕೊಟ್ಟು ಕಟ್ಟಿಸಿದ್ದು. ಮಕ್ಕಳು ಕಡಿಮೆಯಾದದ್ದು ಯಾಕೆ ಎಂದೂ ಕೇಳಿ. ಮೇಡಂ ಇದ್ದಾಗ ಇಲ್ಲಿ ಮೂವತ್ತರ ಮೇಲೆ ಮಕ್ಕಳಿದ್ದರು. ಅವರು ಹೋದ ವರ್ಷವೇ ಅನುಕೂಲ ಇದ್ದವರು ಖಾಸಗಿ ಶಾಲೆಯ ಹಳದಿ ವ್ಯಾನಿಗೆ ಮಕ್ಕಳನ್ನು ಹತ್ತಿಸಿದರು. ವ್ಯಾನು ಡಾಂಬರು ರಸ್ತೆಯ ತನಕ ಬರುತ್ತದೆ, ಅಲ್ಲಿಯವರೆಗೆ ಬೈಕಿನಲ್ಲಿ ಬಿಡುತ್ತಾರೆ. ಉಳಿದವರು ಕೂಲಿ ಮಾಡುವವರ ಮಕ್ಕಳು ಮತ್ತು ನಮ್ಮಂಥ ಸಣ್ಣ ಹಿಡುವಳಿಯವರ ಮಕ್ಕಳು. ಮೇಷ್ಟ್ರಿಲ್ಲ ಎಂದು ಮಕ್ಕಳು ಹೋದರು. ಈಗ ಮಕ್ಕಳಿಲ್ಲ ಎಂದು ಮೇಷ್ಟ್ರನ್ನು ಕೊಡುವುದಿಲ್ಲ ಅಂದರೆ ಇದು ನ್ಯಾಯವೇ?

ಊರಿನವರು ಕೈಕಟ್ಟಿ ಕೂತಿದ್ದಾರೆ ಅಂದುಕೊಳ್ಳಬೇಡಿ. ಪ್ರತಿ ವರ್ಷ ಮಳೆಗೆ ಮುಂಚೆ ನಾವೇ ಸೇರಿ ಹೆಂಚು ಸರಿ ಮಾಡುತ್ತೇವೆ, ಜಗಲಿಗೆ ಎರಚಲು ಹೊಡೆಯದ ಹಾಗೆ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತೇವೆ. ಶಾಲೆಯ ಕೈತೋಟದ ಬಸಳೆ, ಸೌತೆಕಾಯಿ ಸಾರಿಗೆ ಆಗುತ್ತದೆ. ಹಳೆ ವಿದ್ಯಾರ್ಥಿಗಳು ಬೆಂಗಳೂರಿನಿಂದ ಟಿವಿ ಕಳಿಸಿದ್ದಾರೆ. ಶಾರದಾ ಪೂಜೆಗೆ, ಆಗಸ್ಟ್ 15ಕ್ಕೆ ಸಿಹಿ ಮಾಡಿ ತರುವುದು ಮನೆ ಮನೆಯ ಪಾಳಿ. ಈ ಸಲ ಪ್ರತಿಭಾ ಕಾರಂಜಿಗೆ ಮಕ್ಕಳು ಕೋಲಾಟ ಕಲಿತಿದ್ದರು. ನಮ್ಮ ಊರಿನ ಅಜ್ಜಿಯೊಬ್ಬರು ಕಲಿಸಿದ್ದು. ಆ ದಿನವೇ ಮೇಷ್ಟ್ರಿಗೆ ಮತ್ತೊಂದು ಸಭೆ. ಕರೆದುಕೊಂಡು ಹೋಗುವವರಿಲ್ಲದೆ ಮಕ್ಕಳು ಹೊಸ ಬಟ್ಟೆ ಹಾಕಿಕೊಂಡು ಅಂಗಳದಲ್ಲೇ ಆಡಿ ಮನೆಗೆ ಬಂದರು. ಇಷ್ಟೆಲ್ಲ ಊರು ಮಾಡಬಲ್ಲದು. ಶಿಕ್ಷಕರನ್ನು ಮಾತ್ರ ನೇಮಿಸಲು ಊರಿಗೆ ಅಧಿಕಾರ ಇಲ್ಲ. ಅದು ಸರ್ಕಾರದ ಕೆಲಸ, ಅದನ್ನು ಮಾಡಿಸಲೆಂದೇ ನಿಮ್ಮನ್ನು ಆರಿಸಿ ಕಳಿಸಿದ್ದೇವೆ.

ಮೇ ಕೊನೆಗೆ ಶಾಲೆ ಶುರುವಾಗುತ್ತದೆ. ಅಷ್ಟರಲ್ಲಿ ಖಾಲಿ ಇರುವ ಜಾಗಕ್ಕೆ ಒಬ್ಬರು ಖಾಯಂ ಶಿಕ್ಷಕರು ಬರಬೇಕು. ಅದು ಆಗುವ ತನಕ, ಮೇಷ್ಟ್ರನ್ನು ಸಭೆಗೆ, ಸಮೀಕ್ಷೆಗೆ ಕರೆಯುವ ದಿನ ಮೊದಲೇ ಬದಲಿ ಶಿಕ್ಷಕರನ್ನು ಕಳಿಸಬೇಕು. ಕಳಿಸಲು ಆಗದಿದ್ದರೆ ಅವರನ್ನು ಕರೆಯಬೇಡಿ. ಮೇಷ್ಟ್ರಿಗೆ ಕೊಟ್ಟ ನೋಟಿಸನ್ನು ವಾಪಸ್ ಪಡೆಯಿರಿ. ಅಡುಗೆ ಅಕ್ಕನಿಗೆ ಬೈದವರು ಬಂದು ಆಕೆಗೆ ಒಂದು ಒಳ್ಳೆಯ ಮಾತು ಹೇಳಲಿ.

ಈ ಸಲ "ನೋಡೋಣ" ಎನ್ನಬೇಡಿ. ಆಗುತ್ತದೆ ಅಥವಾ ಆಗುವುದಿಲ್ಲ ಎಂದು ಬರೆದು ಕೊಡಿ. ಆಗುವುದಿಲ್ಲ ಎಂದಾದರೆ ಯಾಕೆ ಎಂದೂ ಬರೆಯಿರಿ, ಅದನ್ನು ಪೋಷಕರ ಸಭೆಯಲ್ಲಿ ಓದಿ ಹೇಳುತ್ತೇವೆ. ನಮಗೆ ಬೇಕಾದದ್ದು ಒಬ್ಬರು ಮೇಷ್ಟ್ರು ಅಥವಾ ಒಬ್ಬರು ಮೇಡಂ. ಬರುವವರಿಗೆ ಇರಲು ಮನೆ ನಾವು ನೋಡಿಕೊಡುತ್ತೇವೆ.

ಇಂತಿ,
ನಿಮ್ಮ ಕ್ಷೇತ್ರದ ಮತದಾರಳು,
ನಾಲ್ಕನೇ ಕ್ಲಾಸಿನ ಹುಡುಗನ ತಾಯಿ, ಎಸ್‌ಡಿಎಂಸಿ ಸದಸ್ಯೆ