ಈ ವಾರದ ಕಥಾವಸ್ತು: ನೋವು ಮತ್ತು ಆರೈಕೆ

ಆತ್ಮೀಯರೇ, ಒಬ್ಬರು ನರಳುವಾಗ ಇನ್ನೊಬ್ಬರು ಆರೈಕೆ ಮಾಡುವ ಈ ಬಗೆಯ ಕಥೆ 1966ರಲ್ಲಿ ಅಮೆರಿಕದಲ್ಲಿ ಆರಂಭವಾದ ‘ಸ್ಟಾರ್ ಟ್ರೆಕ್’ ಎಂಬ ಬಾಹ್ಯಾಕಾಶ ಸಾಹಸದ ಟಿವಿ ಧಾರಾವಾಹಿಯ ಅಭಿಮಾನಿಗಳ ಬರಹಗಳಲ್ಲಿ ಹುಲುಸಾಗಿ ಬೆಳೆಯಿತು. ಬರೆದವರಲ್ಲಿ ಹೆಚ್ಚಿನವರು ಮಹಿಳೆಯರು. ಆ ಧಾರಾವಾಹಿಯಲ್ಲಿ ಭಾವನೆಗಳನ್ನು ಅದುಮಿಟ್ಟುಕೊಳ್ಳುವ ಅಧಿಕಾರಿ ಸ್ಪಾಕ್ ಗಾಯಗೊಂಡು ಮಲಗಿದರೆ ಅವನ ಗೆಳೆಯ, ನೌಕೆಯ ನಾಯಕ ಕರ್ಕ್ ಸಂಕೋಚವಿಲ್ಲದೆ ಅವನ ಕೈ ಹಿಡಿಯಬಹುದು. ಆ ಸಲುಗೆಗೆ ದಾರಿ ಮಾಡಿಕೊಡುವುದೇ ಇಲ್ಲಿ ನೋವಿನ ಕೆಲಸ.

ನಮಗೆ ಈವರೆಗೆ ಬಂದ ಕಥೆಗಳಲ್ಲಿ ಗಾಯಕ್ಕೆ ನಾಲ್ಕು ಪುಟ, ಆರೈಕೆಗೆ ನಾಲ್ಕು ಸಾಲು. ಇದು ನನಗೆ ಒಪ್ಪಿಗೆಯಿಲ್ಲ. ಗಂಜಿ ಕುಡಿಸುವುದು, ಹಣೆಯ ಒದ್ದೆ ಬಟ್ಟೆ ಬದಲಿಸುವುದು, ರಾತ್ರಿಯೆಲ್ಲ ಎಚ್ಚರವಿರುವುದು, ಅಲ್ಲಿ ನಿಧಾನಿಸಿ. ಒಂದು ಅಪ್ಪುಗೆಗೆ ಹಳೆಯ ಆಘಾತ ಬೆಳಗಾಗುವಷ್ಟರಲ್ಲಿ ಮಾಯವಾಗದಿರಲಿ. ಆತ್ಮಹತ್ಯೆ, ಲೈಂಗಿಕ ಹಿಂಸೆಯ ಪ್ರಸಂಗಗಳಿದ್ದರೆ ದಯವಿಟ್ಟು ಮೊದಲ ಸಾಲಿನಲ್ಲೇ ತಿಳಿಸಿ. ಅಂಥ ನೋವು ಉಂಡವರು ನಮ್ಮ ನಡುವೆಯೂ ಇದ್ದಾರೆ. ಕಥೆ ಕಳುಹಿಸಲು ಭಾನುವಾರ ಕೊನೆಯ ದಿನ.